ಹುಣಸೆಹಣ್ಣಿನಲ್ಲಿ ತೊಳೆದ ಕಲ್ಲು

ಹದಿನೈದು ದಿನ ಅಪ್ಪನನ್ನು ಕರೆದುಕೊಂಡು ಹೋಗು ಮಾರಾಯ ಅಂತ ನಾನು ತಮ್ಮನನ್ನು ಕೇಳಿದೆ. ಅವನು ಒಂದು ಚೀಲ ಕಲ್ಲು ತಂದುಕೊಟ್ಟ.

ಅಪ್ಪನಿಗೆ, ಅಂದರೆ ಉಜ್ಜನಪ್ಪನವರಿಗೆ, ಮರೆವಿನ ಕಾಯಿಲೆ ಬಂದು ಮೂರು ವರ್ಷವಾಯಿತು. ಶಿವಮೊಗ್ಗದ ದುರ್ಗಿಗುಡಿಯ ಈ ಮನೆ ಕಟ್ಟಿಸಿದವರೇ ಅವರು. ಈಗ "ಮನೆಗೆ ಯಾವಾಗ ಹೋಗೋದು?" ಅಂತ ದಿನಕ್ಕೆ ನಲವತ್ತು ಸಲ ಕೇಳುತ್ತಾ ನನ್ನ ಹಿಂದೆಯೇ ಓಡಾಡುತ್ತಾರೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಮೆಷಿನ್ ಮುಂದೆ ಕೂತರೆ ಪಕ್ಕದಲ್ಲೇ ನಿಂತು ದಾರ ಎಳೆಯುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ, ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ತಮ್ಮ ಗೋಲ್ಡ್ ಫಿಶ್ ನೋಡುತ್ತಾ ಒಂದು ಗಂಟೆ ತೆಪ್ಪಗಿರುತ್ತಾರೆ. ಮೀನಿನ ಹೆಸರು ಕೆಂಪಿ. ನನ್ನ ಹೆಸರು ಮರೆತಿದ್ದಾರೆ, ಕೆಂಪಿಯದು ಮರೆತಿಲ್ಲ. ರಾತ್ರಿ ಅವರು ನನ್ನನ್ನು ಮಲಗಲು ಬಿಡುವುದಿಲ್ಲವಾದ್ದರಿಂದ, ನನ್ನ ಪಾಲಿನ ನಿದ್ದೆ ಎಂದರೆ ಆ ಒಂದು ಗಂಟೆಯೇ.

ಭದ್ರಾವತಿಯಲ್ಲಿರುವ ತಮ್ಮ ಹರಿಪ್ರಸಾದನಿಗೂ ಮೀನಿನ ಹುಚ್ಚು. ಅವನದು ಸಮುದ್ರದ ಮೀನು. ಆರು ವರ್ಷ ಅಳತೆ ಮಾಡಿ ಉಪ್ಪುನೀರು ಕಲಸಿದ, ದಿನಾ ಥರ್ಮಾಮೀಟರ್ ಇಟ್ಟು ನೋಡಿದ, ಕರೆಂಟು ಹೋದರೆ ಆಫೀಸಿನಿಂದ ಓಡಿಬಂದ. ಅಪ್ಪನ ಬಿಪಿ ಎಷ್ಟಿದೆ ಅಂತ ಒಂದು ದಿನವೂ ಫೋನ್ ಮಾಡಿ ಕೇಳಿದವನಲ್ಲ. ಈಚೆಗೆ ಅದೂ ಸಾಕಾಗಿ, ಮೀನುಗಳನ್ನು ಯಾರಿಗೋ ಕೊಟ್ಟು ತೊಟ್ಟಿ ಖಾಲಿ ಮಾಡಿದ್ದ. ಅದರೊಳಗಿದ್ದ ತೂತು ತೂತಿನ ಕಲ್ಲುಗಳು ನನ್ನ ಪಾಲಿಗೆ ಬಂದವು.

"ಇಂಥ ಕಲ್ಲು ಶಿವಮೊಗ್ಗ ಪೂರ್ತಿ ಹುಡುಕಿದ್ರೂ ಸಿಗಲ್ಲ ಅಕ್ಕ. ಕೆಂಪಿ ಆಡ್ಕೊಂಡಿರುತ್ತೆ. ಚೆನ್ನಾಗಿ ತೊಳೆದು ಹಾಕು," ಅಂದ.

"ಅಪ್ಪನ ವಿಷಯ ಏನಾಯ್ತು?"

"ಹೊಸ ಜಾಗ ಅಲ್ವಾ, ಗಾಬರಿ ಆಗ್ತಾರೆ. ನೋಡೋಣ ಬಿಡು," ಅಂದವನೇ ಕಾರು ಹತ್ತಿದ.

ಅವತ್ತು ಗುರುವಾರ. ಶುಕ್ರವಾರದ ಪೂಜೆಗೆ ದೀಪ, ತಂಬಿಗೆ ಬೆಳಗಲು ಹುಣಸೆಹಣ್ಣು ನೆನೆಹಾಕಿದ್ದೆ. ಹೇಗೂ ಕೈ ಹುಳಿಯಾಗಿದೆಯಲ್ಲ ಅಂತ ಕಲ್ಲುಗಳನ್ನೂ ಅದರಲ್ಲೇ ತಿಕ್ಕಿದೆ. ಸಣ್ಣಗೆ ನೊರೆ ಬಂತು. ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ತಿಕ್ಕಿದೆ. ಬೆಳ್ಳಗಾದ ಮೇಲೆ ನಲ್ಲಿಯಡಿ ಹಿಡಿದು ತೊಟ್ಟಿಗೆ ಇಳಿಸಿದಾಗ ಅಪ್ಪ ಚಪ್ಪಾಳೆ ತಟ್ಟಿದರು.

ಮೂರನೇ ದಿನ ಮಧ್ಯಾಹ್ನ ಆಗಷ್ಟೇ ಜೊಂಪು ಹತ್ತಿತ್ತು. ಅಪ್ಪ ಬಂದು ನನ್ನ ಭುಜ ಅಲ್ಲಾಡಿಸಿದರು.

"ಕೆಂಪಿಗೆ ಉಸಿರು ಸಿಗ್ತಿಲ್ಲ."

ಹೋಗಿ ನೋಡಿದರೆ ತೊಟ್ಟಿ ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು. ಕೆಂಪಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಕೊಡದಲ್ಲಿ ಹಿಡಿದಿಟ್ಟ ನೀರನ್ನು ಬಕೆಟ್ಟಿಗೆ ಸುರಿದು ಮೀನನ್ನು ಅದಕ್ಕೆ ಬಿಟ್ಟು, ಹರಿಗೆ ಫೋನ್ ಮಾಡಿದೆ.

"ಹುಣಸೆಹಣ್ಣಾ? ಅದೇನು ದೇವರ ತಂಬಿಗೆನಾ ಮಾರಾಯ್ತಿ! ಮೇಲೆ ಬೆಳಗಿದ್ರೆ ಏನು ಬಂತು? ತೂತೊಳಗೆಲ್ಲ ಸಮುದ್ರದ ಹುಳ ಇರ್ತಾವೆ. ಸಿಹಿನೀರಲ್ಲಿ ಅವು ಸತ್ತು ಕೊಳೀತಾವೆ. ಎರಡು ತಿಂಗಳು ಡ್ರಮ್ಮಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಬೇಕು."

"ಇದನ್ನ ಚೀಲ ಇಳಿಸುವಾಗಲೇ ಹೇಳೋಕೆ ನಿನಗೇನಾಗಿತ್ತು?"

"ಈಗಲೇ ಹೊರಟು ಬರ್ತೀನಿ," ಅಂದ.

ಅವನು ಬರುವವರೆಗೂ ಅಪ್ಪ ಬಕೆಟ್ಟಿನ ಪಕ್ಕ ನೆಲದ ಮೇಲೇ ಕೂತಿದ್ದರು. ಕಾಫಿ ಮುಟ್ಟಲಿಲ್ಲ, ಮನೆಗೆ ಹೋಗೋಣ ಅಂತಲೂ ಕೇಳಲಿಲ್ಲ. ಮೀನು ಸತ್ತರೆ ಇವರನ್ನು ಹೇಗೆ ಸುಧಾರಿಸುವುದು, ನಾನು ಯಾವಾಗ ಮಲಗುವುದು ಅಂತ ನನಗೆ ನಿಜಕ್ಕೂ ಭಯವಾಯಿತು.

ಹರಿ ಬಂದು ಬಕೆಟ್ಟಿಗೆ ಬಗ್ಗಿ ನೋಡಿದ. "ಬದುಕುತ್ತೆ. ಆದ್ರೆ ಬಕೆಟ್ಟಲ್ಲಿ ಬಹಳ ದಿನ ಇಡೋಕಾಗಲ್ಲ. ನನ್ನ ತೊಟ್ಟಿ ತೊಳೆದಿಟ್ಟಿದ್ದೀನಿ, ಪಂಪೂ ಇದೆ. ಮೀನನ್ನ ನಾನೇ ಕರ್ಕೊಂಡು ಹೋಗ್ತೀನಿ. ಚೆನ್ನಾಗಿ ನೋಡ್ಕೋತೀನಿ ಅಕ್ಕ, ಯೋಚನೆ ಮಾಡ್ಬೇಡ."

ಮೀನನ್ನು ಕರೆದುಕೊಂಡು ಹೋಗುತ್ತಾನಂತೆ! ಮೈಯೆಲ್ಲ ಉರಿಯಿತು. ಕೂಗಾಡಲು ತ್ರಾಣವಿರಲಿಲ್ಲ. ಒಳಗೆ ಹೋಗಿ ನಾಲ್ಕು ಪಂಚೆ, ಅಂಗಿ, ಮಾತ್ರೆ, ಬಿಪಿ ನೋಡುವ ಮೆಷಿನ್ ಎಲ್ಲ ಚೀಲಕ್ಕೆ ತುಂಬಿ ತಂದು ಅವನ ಕೈಗಿಟ್ಟೆ.

"ಮೀನು ಎಲ್ಲಿರುತ್ತೋ ಅಪ್ಪನೂ ಅಲ್ಲೇ ಇರ್ತಾರೆ."

ಹರಿ ಏನೋ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿ, ಬಕೆಟ್ ಎತ್ತಿಕೊಂಡು ಕಾರಿನ ಹತ್ತಿರ ಹೋಗಿಯಾಗಿತ್ತು. ಮುಂದಿನ ಸೀಟಿನಲ್ಲಿ ಕೂತು, ಬಕೆಟ್ಟನ್ನು ಕಾಲ ನಡುವೆ ಇಟ್ಟುಕೊಂಡು, "ನಡಿ, ಮನೆಗೆ ಹೋಗೋಣ," ಅಂದರು.

ಕಾರು ಹೊರಟಿತು. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರು ವರ್ಷ ಉಣಿಸಿ, ಮೀಯಿಸಿ ನೋಡಿಕೊಂಡವಳು ನಾನು. ಒಳಗೆ ಬಂದು, ಆ ಹಾಳು ಕಲ್ಲುಗಳನ್ನು ಡ್ರಮ್ಮಿಗೆ ಹಾಕಿ ನೀರು ತುಂಬಿದೆ. ಆಮೇಲೆ ಅಳೋಣ ಅಂತಲೇ ಅಪ್ಪನ ಕುರ್ಚಿಯಲ್ಲಿ ಕೂತೆ.

ಎಚ್ಚರವಾದಾಗ ಬೆಳಗಾಗಿತ್ತು.