ಸಾವಿನ ಮನೆಯಲ್ಲಿ ಸಲಾಮತ್

ಮಿಲಾನಿನಿಂದ ಮನಿಲಾಕ್ಕೆ ಹಾರುವ ವಿಮಾನದಲ್ಲಿ ಇರೇನೆ ಕಣ್ಣು ಮುಚ್ಚಲಿಲ್ಲ. ಕೆಳಗೆ ಸರಕಿನ ನಡುವೆ ಅಮ್ಮನ ಶವಪೆಟ್ಟಿಗೆ, ಮೇಲೆ ಅವಳ ಮಡಿಲಲ್ಲಿ ಅಮ್ಮನ ಭಾಷೆ ತಗಾಲೊಗ್ ಕಲಿಸುವ ಪುಸ್ತಕ. ಅಮ್ಮ ಎರ್ಮಿನಿಯಾ ಇಪ್ಪತ್ತು ವರ್ಷ ಪರರ ಮನೆಯ ನೆಲ ಒರೆಸಿದವಳು. ಮಗಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಮನೆಯಲ್ಲೂ ಇಟಾಲಿಯನ್ ಆಡಿದಳು. ಮುದ್ದಿಗೂ ಬೈಗುಳಕ್ಕೂ ಮಾತ್ರ ತನ್ನ ಭಾಷೆ. ಅಷ್ಟನ್ನೇ ಹಿಡಿದುಕೊಂಡು ಸಾವಿನ ಮನೆಗೆ ಹೋಗಲಾದೀತೆ?

ಮೊದಲು ಕ್ರಿಯೆ, ಮಾಡಿದವರು ಆಮೇಲೆ, ಎಂದಿತು ಪುಸ್ತಕ. 'ಕುಮಾಯಿನ್ ಆಕೊ', ಉಂಡೆ ನಾನು. 'ಉಮಾಲಿಸ್ ಸಿ ನಾನಾಯ್', ಹೊರಟಳು ಅಮ್ಮ. ಹಿರಿಯರೊಡನೆ ಗೌರವಕ್ಕೆ ಮಾತಿಗೊಂದು 'ಪೊ'. 'ಮರಾಮಿಂಗ್ ಸಲಾಮತ್ ಪೊ', ತುಂಬಾ ಧನ್ಯವಾದ. ಅವಳ ಆಸೆ ದೊಡ್ಡದೇನಲ್ಲ. ಅಮ್ಮನ ಊರಿನವರು ಒಂದೇ ಒಂದು ಸಲ 'ಇವಳು ನಮ್ಮ ಎರ್ಮಿನಿಯಾಳ ಮಗಳು' ಅನ್ನಬೇಕು, ಅಷ್ಟೇ.

ಅಮ್ಮನ ಊರು ಬತಾಂಗಾಸಿನ ತವರುಮನೆಯ ಮುಂಗೋಣೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು. ಜನ ಬಂದು ಗಾಜಿನೊಳಗಿನ ಮುಖ ನೋಡಿದರು, ಬಿಸ್ಕತ್ತು ತಿಂದು ಕಡುಗಾಫಿ ಕುಡಿದರು, ಹೂಳುವ ದಿನದವರೆಗೆ ಶವ ಕಾಯುವ ರೂಢಿಯಂತೆ ಇಸ್ಪೀಟಿಗೆ ಕುಳಿತರು. ಅವರ ಮಾತಿನ ಭರದಲ್ಲಿ ಇರೇನೆಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಪದ: ಅನ್ನ, ನೀರು, ನಾಳೆ. ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿ ಅವಳು ಎಂದೂ ಕುಳಿತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನೆರೆಮನೆಯ ಮುದುಕ ಸೇಡೊ ಹೊರಟು ನಿಂತ. ಅವನ ಮೊಣಕಾಲು ನಡುಗುತ್ತಿತ್ತು. ಇರೇನೆ ಎದ್ದು ಕೈಹಿಡಿದು ಗೇಟಿನವರೆಗೂ ನಡೆಸಿದಳು. ಬಾಯಿಪಾಠ ಮಾಡಿದ್ದನ್ನು ಒಂದಕ್ಷರವೂ ತಪ್ಪದೆ ಹೇಳಿದಳು: "ಮರಾಮಿಂಗ್ ಸಲಾಮತ್ ಪೊ."

ಮುದುಕನ ಮುಖ ಬಿಳಿಚಿಕೊಂಡಿತು. ಶಿಲುಬೆಯ ಗುರುತು ಹಾಕಿಕೊಂಡ. ಇಸ್ಪೀಟು ನಿಂತಿತು.

ಚಿಕ್ಕಮ್ಮ ಉರ್ಸುಲಾ ಓಡಿಬಂದಳು. ರೋಮಿನಲ್ಲಿ ದುಡಿದು ಬಂದವಳು, ಹಾಗಾಗಿ ಇಟಾಲಿಯನ್ನಿನಲ್ಲೇ ಬೈದಳು.

"ಏನೇ ಮಾಡ್ದೆ? ಸಾವಿನ ಮನೇಲಿ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೆ? ಬಂದವ್ರನ್ನ ಮನೆಯವ್ರು ಗೇಟಿನ ತನಕ ಬಿಟ್ಟು ಬರ್ತಾರಾ? ಅವರ ಮನೆಗೂ ಸಾವು ಕಳಿಸಿಕೊಟ್ಟ ಹಾಗೆ!"

"ಪುಸ್ತಕದಲ್ಲಿ ಇರ್ಲಿಲ್ಲ, ಚಿಕ್ಕಮ್ಮ."

"ಇಂಥದ್ದನ್ನೆಲ್ಲ ಪುಸ್ತಕದಲ್ಲಿ ಬರೀತಾರಾ? ತಾಯಿ ಆದವಳು ಹೇಳ್ಕೊಡ್ಬೇಕು." ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಮುದುಕ ತನ್ನ ಭಾಷೆಯಲ್ಲಿ ಗೊಣಗುತ್ತಲೇ ಇದ್ದ. "ಎಂಬತ್ತು ದಾಟಿದೀನಿ, ಉರ್ಸುಲಾ. ಹೋಗೋನೇ ಇದೀನಿ. ಇವಳಿಗೇನಮ್ಮ ಅವಸರ?"

ಚಿಕ್ಕಮ್ಮನಿಗೆ ಕರುಳು ಚುರುಕ್ಕೆಂದಿತು. ಇರೇನೆಯ ಹೆಗಲು ಬಳಸಿ, ಎಲ್ಲರಿಗೂ ಕೇಳುವಂತೆ, ತಗಾಲೊಗಿನಲ್ಲಿ ನಿಧಾನವಾಗಿ ಹೇಳಿದಳು:

"ಮನಸ್ಸಿಗೆ ಹಚ್ಕೋಬೇಡಿ, ಮಾವ. ಪಾಪ, ಅವಳಿಗೇನು ಗೊತ್ತು? ಅವಳು ನಮ್ಮವಳಲ್ಲ."

ಎಲ್ಲರಿಗೂ ಸಮಾಧಾನವಾಯಿತು. ಮುದುಕ ತಲೆಯಾಡಿಸಿದ, ಯಾರೋ ಅವಳ ಕೈಗೊಂದು ಬಿಸ್ಕತ್ತು ಇಟ್ಟರು, ಇಸ್ಪೀಟು ಮತ್ತೆ ನಡೆಯಿತು. ಇರೇನೆ ಬಿಸ್ಕತ್ತು ಹಿಡಿದು ನಿಂತೇ ಇದ್ದಳು. ಊರಿಗೆ ಬಂದ ಮೇಲೆ ತಗಾಲೊಗಿನಲ್ಲಿ ಅವಳಿಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು.