ಹುಕ್ಕೇರಿಯ ಹಡ್ಸನ್

ಮೂಡಲಗಿಯ ಬೆಲ್ಲದ ವ್ಯಾಪಾರಿ ಗುರುಲಿಂಗಪ್ಪನ ಬಳಿ ಮೂರು ಕಾರುಗಳಿದ್ದವು. ಮೂರೂ ಅಮೆರಿಕದವು. ಸಂಸ್ಥಾನಗಳು ವಿಲೀನವಾದ ಮೇಲೆ ಅರಮನೆಗಳ ಗ್ಯಾರೇಜಿನಿಂದ ಹೊರಬಿದ್ದ ಗಾಡಿಗಳನ್ನು ಕೇಳುವವರೇ ಇರಲಿಲ್ಲ. ಪೆಟ್ರೋಲು ಕುಡಿಯುವ ಆನೆ ಕಟ್ಟಿಕೊಂಡು ಏನು ಮಾಡುವುದೆಂದು ಉಳಿದ ಸಾಹುಕಾರರು ಹಿಂದೆ ಸರಿದಾಗ ಗುರುಲಿಂಗಪ್ಪ ಮುಂದೆ ಹೋದ. ಮೊದಲು ಶೆವರ್ಲೆಟ್ ಬಂತು, ಆಮೇಲೆ ಡಾಜ್, ಕೊನೆಗೆ ಹಡ್ಸನ್. ಶೆವರ್ಲೆಟ್ಟನ್ನು ಊರೊಳಗೆ ತಂದದ್ದು ಎರಡು ಜೋಡಿ ಎತ್ತುಗಳು.

ಅವಕ್ಕೆ ಜೀವ ಕೊಟ್ಟವನು ಮೇಲವಂಕಿಯ ಲಗಮಣ್ಣ. ಯುದ್ಧದಲ್ಲಿ ಬರ್ಮಾ ಗಡಿಯವರೆಗೂ ಮಿಲಿಟರಿ ಲಾರಿ ಹೊಡೆದು ಬಂದವನು. ಗುರುಲಿಂಗಪ್ಪನದೇ ವಯಸ್ಸು, ಅವನಷ್ಟೇ ಹುಚ್ಚು. ಸೋಮವಾರ ಎತ್ತಿಗೆ ನೊಗ ಹೂಡುವಂತಿಲ್ಲವಾದ್ದರಿಂದ ಅಂಗಡಿಗೆ ಗಾಡಿಗಳು ಬರುತ್ತಿರಲಿಲ್ಲ; ಆ ದಿನ ಇಬ್ಬರೂ ಕಾರುಗಳ ಕೆಳಗೆ ಮಲಗಿರುತ್ತಿದ್ದರು. ಒಂದೊಂದನ್ನೇ ಚಾಲೂ ಮಾಡಿ, ಸದ್ದು ಕೇಳಿ, ಎಣ್ಣೆ ಬದಲಿಸಿ, ಒರೆಸಿ, ಮತ್ತೆ ಹೊದಿಕೆ ಹಾಕುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು.

"ನನಗ ಮೂರು ಮಂದಿ ಸವತ್ಯಾರು," ಎನ್ನುತ್ತಿದ್ದಳು ಹೆಂಡತಿ ಶಿವವ್ವ, ಬಾಜೂ ಮನೆಯವರ ಮುಂದೆ. "ಅವನ್ನ ಒರಸೋ ಅರಿವಿ ನನ್ನ ಸೀರಿಗಿಂತ ಮಿದು ಐತಿ."

ಗುರುಲಿಂಗಪ್ಪನಿಗೆ ಮೂರರಲ್ಲಿ ಹೆಚ್ಚು ಇಷ್ಟವಾದದ್ದು ಹಡ್ಸನ್. ಕಡುನೀಲಿ ಬಣ್ಣದ, ಮುಂದೆ ಮೂಗು ಚೂಪಾದ ಗಾಡಿ. ೧೯೫೮ರ ಮಳೆಗಾಲ ಮುಗಿದಾಗ ಗೋಕಾಕದ ಏರಿನಲ್ಲಿ ಅದು ಕಲ್ಲು ಅಗಿದಂತೆ ಸದ್ದು ಮಾಡಿ ನಿಂತಿತು. ಲಗಮಣ್ಣ ಗೇರ್ ಬಾಕ್ಸ್ ಬಿಚ್ಚಿದರೆ ಮುರಿದ ಹಲ್ಲುಗಳು ಎಣ್ಣೆಯ ಜೊತೆ ತಟ್ಟೆಗೆ ಬಿದ್ದವು.

ಬದಲಿ ಗೇರ್ ಬಾಕ್ಸ್ ಕೊಲ್ಹಾಪುರದಲ್ಲಿ ಸಿಗಲಿಲ್ಲ. ಮುಂಬೈಯಲ್ಲಿ ವಿಚಾರಿಸಿದರೆ, ಆ ಗಾಡಿ ಮಾಡುವುದನ್ನೇ ಅಮೆರಿಕದಲ್ಲಿ ನಿಲ್ಲಿಸಿದ್ದಾರೆ ಎಂದರು. ಗುರುಲಿಂಗಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಗ ಘಟಪ್ರಭಾ ಸ್ಟೇಶನ್ನಿನಲ್ಲಿ ಬೆಲ್ಲ ಇಳಿಸಲು ಬಂದ ಲಾರಿ ಡ್ರೈವರ್ ಯಲ್ಲಾರಿ ಒಂದು ಮಾತು ಹೇಳಿದ. "ಹುಕ್ಕೇರ್‍ಯಾಗ ಇಂಥಾದ್ದ ಒಂದು ಗಾಡಿ ಐತ್ರಿ ಸಾವಕಾರ್ರ. ಇಂದ್ರವ್ವ ಅಂತ ಒಬ್ಬಾಕಿ ಮುದುಕಿ. ಅದರಾಗ ಕೋಳಿ ತತ್ತಿ ಇಡತಾವು."

ಮರುದಿನವೇ ಇಬ್ಬರೂ ಡಾಜ್ ಹತ್ತಿ ಹೊರಟರು.

ಇಂದ್ರವ್ವನ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ, ಹಡ್ಸನ್ ಇಟ್ಟಿಗೆಗಳ ಮೇಲೆ ಕುಳಿತಿತ್ತು. ಹಿಂದಿನ ಸೀಟಿನಲ್ಲಿ ನಿಜಕ್ಕೂ ಒಂದು ಕೋಳಿ ಕಾವು ಕೂತಿತ್ತು. ಮುಂದಿನ ಸೀಟು ಮಾತ್ರ ಸ್ವಚ್ಛ, ಅದರ ಮೇಲೊಂದು ಮಡಿಸಿಟ್ಟ ಕೌದಿ.

"ಮಾರೂದಿಲ್ಲ ತಮ್ಮಾ," ಎಂದಳು ಇಂದ್ರವ್ವ, ಗುರುಲಿಂಗಪ್ಪನ ಮಾತು ಮುಗಿಯುವ ಮೊದಲೇ. "ಆದ್ರ ಚಾ ಕುಡದು ಹೋಗ್ರಿ."

"ಪೂರ್ತಿ ಗಾಡಿ ಬ್ಯಾಡ್ರಿ ಅವ್ವಾರ. ಹೊಟ್ಟ್ಯಾಗಿಂದು ಒಂದ ಸಾಮಾನು ಸಾಕು."

ಅವಳು ಗಾಡಿಯ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತಳು, ತನ್ನ ಮನೆಯ ಪಡಸಾಲೆಯಲ್ಲಿ ಕುಳಿತಷ್ಟು ಸಲೀಸಾಗಿ.

"ನಮ್ಮವರು ಶೆಟ್ಟೆಪ್ಪ ಅಂತ, ಮೆಣಸಿನಕಾಯಿ ವ್ಯಾಪಾರಾ ಮಾಡತಿದ್ರು. ಆಗ ಈ ಮನ್ಯಾಗ ಮೂವತ್ತು ಮಂದಿ. ಗಂಡಾ ಹೆಂಡತಿ ಕುಂತು ಎರಡು ಮಾತಾಡಾಕ ಒಂದು ಮೂಲಿ ಇರಲಿಲ್ಲ. ಈ ಗಾಡಿ ಬಂದ ಮ್ಯಾಲ ಇದ ನಮ್ಮ ಖೋಲಿ ಆತು. ಗಾಡಿ ತೊಳೀಬೇಕು, ನೀರು ತಗೊಂಡು ಬಾ ಅಂತ ಎಲ್ಲಾರಿಗೂ ಕೇಳೂ ಹಂಗ ಕರೀತಿದ್ರು. ನಾ ಕೊಡಾ ಹೊರಗಿಟ್ಟು ಒಳಗ ಕುಂದರತಿದ್ದೆ." ಅವಳು ನಕ್ಕಳು. "ಹುಕ್ಕೇರ್‍ಯಾಗ ನಮ್ಮಷ್ಟು ಸ್ವಚ್ಛ ಗಾಡಿ ಯಾರ್‍ದೂ ಇರಲಿಲ್ಲ."

ಯುದ್ಧದಲ್ಲಿ ಪೆಟ್ರೋಲು ಸಿಗದಂತಾದಾಗ ಗಾಡಿ ನಿಂತಿತು. ಅವರ ಮಾತು ನಿಲ್ಲಲಿಲ್ಲ. ಮಕ್ಕಳ ಹೆಸರು ಇಲ್ಲೇ ಇಟ್ಟರು, ಜಗಳವನ್ನೂ ಇಲ್ಲೇ ಆಡಿದರು. ಶೆಟ್ಟೆಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

ಗುರುಲಿಂಗಪ್ಪ ಸಾಮಾನಿನ ಮಾತು ಮತ್ತೆ ಎತ್ತದೆ ಚಹಾ ಕುಡಿದು ಎದ್ದ. ದಾರಿಯಲ್ಲಿ ಲಗಮಣ್ಣನೇ ಮಾತು ತೆಗೆದ.

"ಆಕಿ ಕುಂದರೂದು ಸೀಟಿನ ಮ್ಯಾಲ. ಗೇರ್ ಬಾಕ್ಸ್ ಇದ್ರೇನು, ಬಿಟ್ರೇನು? ಇನ್ನೊಮ್ಮಿ ಕೇಳೂಣು ಸಾವಕಾರ್ರ."

ಮಾತಿನಲ್ಲಿ ತಪ್ಪಿರಲಿಲ್ಲ. ಮುಂದಿನ ಸೋಮವಾರ ಒಂದು ಪೆಂಟೆ ಹೊಸ ಬೆಲ್ಲ ಹಿಡಿದು ಮತ್ತೆ ಹೋದರು. ಇಂದ್ರವ್ವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, "ಮ್ಯಾಲಿಂದ ಏನೂ ಕೆಡಬಾರದು ನೋಡ್ರಿ. ಹೊಟ್ಟ್ಯಾಗಿಂದ ತಗೋರಿ," ಎಂದಳು.

ಲಗಮಣ್ಣ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ನುಸುಳಿದ. ಗುರುಲಿಂಗಪ್ಪ ಅಭ್ಯಾಸಬಲದಿಂದ ಸ್ಟೇರಿಂಗಿನ ಧೂಳು ಒರೆಸತೊಡಗಿದ. ಮೊದಲ ಬೋಲ್ಟು ಸಡಿಲವಾದ ಸದ್ದು ಬಂತು.

"ಅದನ್ನ ತಗದ್ರ ಇದು ಮತ್ತ ಎಂದೂ ಓಡಂಗಿಲ್ಲೇನು?" ಇಂದ್ರವ್ವ ಕೇಳಿದಳು.

ಗುರುಲಿಂಗಪ್ಪನಿಗೆ ಸುಳ್ಳು ಹೇಳಲಾಗಲಿಲ್ಲ. "ಓಡಂಗಿಲ್ರಿ."

"ಈಗ ಓಡತೈತೇನು?"

ಉತ್ತರ ಬಂದದ್ದು ಗಾಡಿಯ ಕೆಳಗಿನಿಂದ. "ಓಡಸಬಹುದ್ರಿ ಅವ್ವಾರ. ಇಂಜಿನ್ ಗಟ್ಟಿ ಐತಿ. ವಾಯರ್ ಇಲಿ ತಿಂದಾವ, ರೇಡಿಯೇಟರ್ ತೂತು ಬಿದ್ದೈತಿ, ಟೈರ್ ಹೋಗ್ಯಾವ. ಅವು ಸಿಕ್ರ…"

ಅವೆಲ್ಲ ಎಲ್ಲಿ ಸಿಗುತ್ತವೆ ಎಂಬುದು ಲಗಮಣ್ಣನಿಗೂ ಗೊತ್ತಿತ್ತು, ಗುರುಲಿಂಗಪ್ಪನಿಗೂ ಗೊತ್ತಿತ್ತು. ಮೂಡಲಗಿಯಲ್ಲಿ, ಹೊದಿಕೆಯ ಕೆಳಗೆ.

ಇಂದ್ರವ್ವ ಏನೂ ಬೇಡಲಿಲ್ಲ. ಸುಮ್ಮನೆ ಕೌದಿಯ ಮಡಿಕೆ ಸರಿಮಾಡಿದಳು. ಗುರುಲಿಂಗಪ್ಪ ಸ್ಟೇರಿಂಗಿನಿಂದ ಕೈ ತೆಗೆದು, "ತಿರುಗಿ ಬಿಗಿ, ಲಗಮಣ್ಣ," ಎಂದ.

ಮನೆಗೆ ಬಂದವನು ತನ್ನ ಹಡ್ಸನ್ನಿನ ಸುತ್ತ ಸುತ್ತಿದ್ದೇ ಸುತ್ತಿದ್ದು. ಹೊದಿಕೆ ತೆಗೆಯುವುದು, ನೋಡುವುದು, ಮುಚ್ಚುವುದು. ಕೊನೆಗೆ ಶಿವವ್ವನೇ ಏನಾಯಿತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಕೊಡ ಹೊರಗಿಟ್ಟು ಒಳಗೆ ಕುಳಿತ ಮಾತು ಬಂದಾಗ ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಗಾಡಿ ಎರಡು, ಓಡೂದು ಒಂದ ಅಲ್ಲೇನ್ರಿ?" ಎಂದಳು. "ನಿಮಗ ಇನ್ನೂ ಎರಡು ಉಳೀತಾವು. ಆಕಿಗೆ ಬ್ಯಾರೆ ಯಾವುದೈತಿ? ನೋಡಬೇಕು ಅನಿಸಿದ್ರ ಹುಕ್ಕೇರಿ ಏನು ದೂರ?"

ಬಿಚ್ಚುವ ಕೆಲಸವನ್ನು ಗುರುಲಿಂಗಪ್ಪ ಲಗಮಣ್ಣನಿಗೆ ಬಿಡಲಿಲ್ಲ. ವಾಯರು, ರೇಡಿಯೇಟರು, ಗಾಲಿ, ದೀಪಗಳು, ಒಂದೊಂದನ್ನೂ ತಾನೇ ಕೈಯಾರೆ ತೆಗೆದು ಗೋಣಿಚೀಲದಲ್ಲಿ ಸುತ್ತಿದ. ಉಳಿದ ಮೈಯನ್ನು ಗೋಕಾಕದ ಗುಜರಿಯವನು ಬಂಡಿಯಲ್ಲಿ ಹೇರಿಕೊಂಡು ಹೋದ ದಿನ ಅವನು ಅಂಗಡಿಯಿಂದ ಹೊರಗೇ ಬರಲಿಲ್ಲ.

ಆ ಚಳಿಗಾಲದ ಸೋಮವಾರಗಳೆಲ್ಲ ಹುಕ್ಕೇರಿಯಲ್ಲಿ ಕಳೆದವು. ಕಾವು ಕೂತ ಕೋಳಿಯನ್ನು ಬುಟ್ಟಿ ಸಮೇತ ಅಡುಗೆಮನೆಗೆ ಸಾಗಿಸಲಾಯಿತು. ಸೀಟಿನ ಸಂದಿಗಳಿಂದ ಒಣಮೆಣಸಿನ ಬೀಜಗಳು ಉದುರಿ ಲಗಮಣ್ಣ ಸೀನಿ ಸೀನಿ ಸುಸ್ತಾದ. ಶಿವರಾತ್ರಿಯ ಹೊತ್ತಿಗೆ ಇಂಜಿನ್ ಮೊದಲ ಸಲ ಗುಡುಗಿತು. ಚಪ್ಪರದ ತುಂಬ ಕಪ್ಪು ಹೊಗೆ. ಮಕ್ಕಳು ಸೊಸೆಯರೆಲ್ಲ ಓಡಿ ಬಂದರು. ಇಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಣ್ಣಾಗ ಹೊಗಿ ಹೋತು," ಎಂದಳು.

"ಎಲ್ಲಿಗೆ ಹೋಗೂಣ್ರಿ ಅವ್ವಾರ?" ಗುರುಲಿಂಗಪ್ಪ ಸ್ಟೇರಿಂಗ್ ಹಿಡಿದು ಕೇಳಿದ.

"ಧುಪದಾಳಕ್ಕ. ನನ್ನ ತವರು."

ಅವಳು ಮುಂದೆ, ಲಗಮಣ್ಣ ಹಿಂದೆ. ಊರು ದಾಟುವವರೆಗೆ ಅವಳು ಮಾತಾಡಲಿಲ್ಲ. ದಾಟಿದ ಮೇಲೆ ಮಾತು ನಿಲ್ಲಿಸಲಿಲ್ಲ. ಮೆಣಸಿನಕಾಯಿಯ ಧಾರಣೆ, ಸೊಸೆಯರ ಅಡುಗೆ, ಶೆಟ್ಟೆಪ್ಪನ ಗೊರಕೆ. ಗುರುಲಿಂಗಪ್ಪ "ಹೌದ್ರಿ, ಹೌದ್ರಿ" ಎನ್ನುತ್ತ ಗಾಡಿ ಹೊಡೆದ. ಧುಪದಾಳದ ಒಡ್ಡಿನ ಹತ್ತಿರ ರೇಡಿಯೇಟರ್ ಕುದಿದು ಉಗಿ ಎದ್ದಿತು. ಲಗಮಣ್ಣ ಡಬ್ಬಿ ಹುಡುಕುವಷ್ಟರಲ್ಲಿ ಇಂದ್ರವ್ವ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಾಗಿತ್ತು.

ಗಾಡಿ ತಣಿಯುವವರೆಗೆ ಒಡ್ಡಿನ ಮೇಲೆ ಕುಳಿತರು. ಅವಳು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರ ಕೈಗೂ ಹಾಕಿದಳು, ಮೊದಲು ಲಗಮಣ್ಣನಿಗೆ. ಆ ಕಾಲದ ಹುಕ್ಕೇರಿಯ ದೊಡ್ಡ ಮನೆಯ ಹೆಂಗಸು ಸಾಹುಕಾರನಿಗಿಂತ ಮೊದಲು ತನಗೆ ಬಡಿಸಿದ್ದನ್ನು ಅವನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ತವರಿಗೆ ಹೋಗಿ ಬಂದು ಸಂಜೆ ಹುಕ್ಕೇರಿಯ ಮನೆಯ ಮುಂದೆ ಗಾಡಿ ನಿಂತಾಗ ಹಿರಿಯ ಮಗ ಬಂದು ಬಾಗಿಲು ತೆಗೆದ. ಇಂದ್ರವ್ವ ಇಳಿಯಲಿಲ್ಲ. ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಂಡಳು.

"ಬಜಾರದಾಗ ಒಂದು ಸುತ್ತ ಹೊಡಿ, ತಮ್ಮಾ. ಮಂದಿ ನೋಡ್ಲಿ."

ಗುರುಲಿಂಗಪ್ಪ ನಕ್ಕು ಗೇರ್ ಹಾಕಿದ.