ಬೋರ್ಡಿನ ಮೇಲಿನ ಮೂರನೆಯದು

ಗೌತಮಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು? ಬೆಟಗೇರಿಯ ಆ ಖಾಸಗಿ ಶಾಲೆಯಲ್ಲಿ ಏಳು ವರ್ಷ ಟೆಂಪರರಿಯಾಗಿ ಇಂಗ್ಲಿಷ್ ಕಲಿಸಿದವಳು ಅವಳು. ನಿನ್ನೆ ಮೊನ್ನೆ ಬಂದ ನೇಕಾರರ ಹುಡುಗಿ ವಿದ್ಯಾಶ್ರೀ ಕ್ಲಾಸಿಗೆ ಕಾಲಿಟ್ಟರೆ ಮಕ್ಕಳು ಮುತ್ತಿಕೊಳ್ಳುತ್ತಿದ್ದವು. ಗೌತಮಿ ಬಂದರೆ ಆಕಳಿಸುತ್ತಿದ್ದವು. ಈಗ ಒಂದೇ ಒಂದು ಕಾಯಂ ನೌಕರಿ ಬಂದಿತ್ತು. ಕಮಿಟಿಯ ಮುಂದೆ ಇಬ್ಬರೂ ಡೆಮೊ ಪಾಠ ಮಾಡಬೇಕು, ಗೆದ್ದವರಿಗೆ ನೌಕರಿ.

ರಜೆಯಲ್ಲಿದ್ದ ವಿದ್ಯಾಶ್ರೀಗೆ ತಾರೀಕು ತಿಳಿಸಲು ಹೆಡ್‌ಮಾಸ್ತರರು ಹೇಳಿದ್ದು ಯಾರಿಗೆ? ಗೌತಮಿಗೇ! ಬೆಕ್ಕಿಗೆ ಹಾಲು ಕಾಯಲು ಹೇಳಿದಂತಾಯಿತು.

ಫೋನು ಎತ್ತಿದವಳೇ ವಿದ್ಯಾಶ್ರೀ ಕೇಳಿದಳು: “ಅಕ್ಕಾರ, ಡೆಮೊ ನಾಳೆ ಐತಂತ, ಖರೆ ಏನ್ರಿ?”

ನಾಲಿಗೆಯ ತುದಿಗೆ ಬಂದ ‘ಹೌದು’ ಅನ್ನು ಗೌತಮಿ ನುಂಗಿದಳು. “ನಾಳೆ ಅಮಾಸಿ ಅದ ಅಲ್ಲಾ ವಿದ್ಯಾ? ನಿಮ್ಮ ಮನ್ಯಾಗ ಮಗ್ಗ ಸುದ್ದಾ ಮುಟ್ಟಂಗಿಲ್ಲಲಾ?”

“ಹೌದಲ್ರಿ! ಹಂಗಾರ ಡೆಮೊ ಇರಂಗಿಲ್ಲ ಬಿಡ್ರಿ.”

ಗೌತಮಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಮಾವಾಸ್ಯೆಗೆ ಓಣಿಯ ಮಗ್ಗಗಳೆಲ್ಲ ನಿಲ್ಲುವುದನ್ನು ಕಂಡು ಬೆಳೆದ ಹುಡುಗಿ, ಊರೇ ನಿಲ್ಲುತ್ತದೆ ಅಂದುಕೊಂಡಳು.

ಮರುದಿನ ಕ್ಲಾಸಿನಲ್ಲಿ ಮಕ್ಕಳ ಹಿಂದಿನ ಬೆಂಚಿನಲ್ಲಿ ಕಮಿಟಿಯವರು ಕುಳಿತರು. ವಿದ್ಯಾಶ್ರೀಯ ಖಾಲಿ ಕುರ್ಚಿ ನೋಡಿ ಗೌತಮಿಯ ಹೊಟ್ಟೆ ತಣ್ಣಗಾಯಿತು. ಪಾಠ, ಮೋಸಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದಗಳದ್ದು. ಬೋರ್ಡಿನ ಮೇಲೆ ಮೂರು ಬರೆದಳು: ಲೈ, ಚೀಟ್, ಮಿಸ್‌ಲೀಡ್.

“ಲೈ ಅಂದ್ರ ಇಲ್ಲದ್ದನ್ನ ಬಾಯಿಬಿಟ್ಟು ಹೇಳೋದು. ಚೀಟ್ ಅಂದ್ರ ಪವರ್‌ಲೂಮ್ ಸೀರಿ ಕೈಮಗ್ಗದ್ದು ಅಂತ ಮಾರಿ ರೊಕ್ಕಾ ಹೊಡ್ಯೋದು. ಮಿಸ್‌ಲೀಡ್ ಹಾಂಗಲ್ಲ. ಅದರಾಗ ಒಂದು ಸುಳ್ಳೂ ಇರಂಗಿಲ್ಲ. ಹೇಳಿದ್ದೆಲ್ಲಾ ಖರೆ, ಆದ್ರ ಕೇಳಿದಾವರು ತಪ್ಪು ತಿಳಕೊಳ್ಳೋ ಹಾಂಗ ಹೇಳೋದು.”

ಕಮಿಟಿಯ ಅಂದಾನಪ್ಪನವರು ತಲೆದೂಗಿದರು. “ಭಾರಿ ಬಿಡಿಸಿ ಹೇಳಿದ್ರಿ! ಆ ಇನ್ನೊಬ್ಬಾಕಿ ಟೀಚರ್ ಯಾಕ ಬರಲಿಲ್ಲ?”

ಗೌತಮಿ ಬಾಯಿ ತೆರೆಯುವ ಮೊದಲೇ ವಿದ್ಯಾಶ್ರೀಯ ಪಕ್ಕದ ಮನೆಯ ಹುಡುಗಿ ಕೈನಾತ ಎದ್ದಳು. “ಮನ್ಯಾಗ ಅದಾರ್ರಿ. ಇವತ್ತ ಡೆಮೊ ಇಲ್ಲಂತ ಗೌತಮಿ ಟೀಚರ್ ಫೋನಿನ್ಯಾಗ ಹೇಳ್ಯಾರಂತ್ರಿ.”

“ನಾ ಹಾಂಗ ಅಂದೇ ಇಲ್ಲ!” ಗೌತಮಿಯ ದನಿ ಏರಿತು. “ಅಮಾಸಿ ಅದ ಅಂದೆ, ಅಷ್ಟ. ದೇವರಾಣಿ!”

ಕೈನಾತ ಬೋರ್ಡು ನೋಡಿದಳು. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು, ಪಾಪ. ಬೆರಳೆತ್ತಿ ಕೇಳಿದಳು: “ಹಂಗಾರ ಇದು ಮೂರನೇದ ಅಲ್ಲೇನ್ರಿ, ಟೀಚರ್?”

ಅಂದಾನಪ್ಪನವರು ನಗಲಿಲ್ಲ. ಪೆನ್ನಿನ ಟೋಪಿ ಮುಚ್ಚಿ, ಮೊಬೈಲ್ ತೆಗೆದು, ವಿದ್ಯಾಶ್ರೀಯ ನಂಬರು ಕೇಳಿದರು, ಗೌತಮಿಯನ್ನೇ.